ಸಿಮೆಂಟ್ ಅಂದ ಮೇಲೆ ಬಿರುಕು ಬಿಡಲೇಬೇಕೇ?



ನಮ್ಮ ಕಡೂರು, ತರೀಕೆರೆ, ಅಜ್ಜಂಪುರಗಳ ಗಾರೆ ಕೆಲಸದವರ ಬಾಯಲ್ಲಿ ಸದಾ ಸಿದ್ಧವಾಗಿರುವ ಒಂದು ಮಾತುಂಟು: "ಸಿಮೆಂಟ್ ಅಂದ್ಮೇಲೆ ಬಿರುಕು ಬಿಡೋದೇ ಮೇಷ್ಟ್ರೇ." ಈ ಮಾತಿಗೆ ಮರುಮಾತಿಲ್ಲವೆಂದು ನಾನೂ ಬಹಳ ವರ್ಷ ನಂಬಿದ್ದೆ. ಇಂದು ಅದನ್ನು ನಂಬುವುದಿಲ್ಲ. ನಂಬದಿರುವುದಕ್ಕೆ ಕಾರಣಗಳನ್ನು ಹೇಳುವುದೇ ಈ ಬರಹದ ಉದ್ದೇಶ.

ಅಜ್ಜಂಪುರದ ಆಚೆಗಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದಾಗಿನ ಸಂಗತಿ. ಏಪ್ರಿಲ್ ತಿಂಗಳು, ಬೇಸಿಗೆ ರಜೆ. ಹೊಸ ಕೊಠಡಿಯ ತಾರಸಿಗೆ ಮೋಲ್ಡ್ ಹಾಕುವ ದಿನ. ಬೆಳಿಗ್ಗೆ ಏಳಕ್ಕೆ ಬರಬೇಕಾಗಿದ್ದ ಮಿಕ್ಸರ್ ಯಂತ್ರ ಬಂದದ್ದು ಹತ್ತೂವರೆಗೆ. ನೆತ್ತಿಯ ಮೇಲೆ ಸೂರ್ಯ, ಬಯಲಿನಿಂದ ಬೀಸುವ ಒಣಗಾಳಿ. ಮೂರು ಗಂಟೆಗೆ ಕೆಲಸ ಮುಗಿಸಿದ ಆಳುಗಳು ಮೇಲ್ಮೈಯನ್ನು ಮಟ್ಟಗೋಲಿನಿಂದ ಎಳೆದು, ಕೈಕಾಲು ತೊಳೆದು ಊಟಕ್ಕೆ ಹೊರಟುಹೋದರು. ಸಂಜೆ ನಾನು ಏಣಿ ಹತ್ತಿ ನೋಡಿದರೆ ಆ ಹಸಿ ಕಾಂಕ್ರೀಟು ಬೇಸಿಗೆಯ ಕೆರೆಯಂಗಳದಂತೆ ಕಾಣುತ್ತಿತ್ತು. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಗೀರುಗಳು. ಮೇಸ್ತ್ರಿಯನ್ನು ಕರೆದು ತೋರಿಸಿದೆ. ಆಗಲೇ ಆ ಅಮೃತವಾಣಿ ನನ್ನ ಕಿವಿಗೆ ಬಿದ್ದದ್ದು. ಮರುದಿನ ಸಿಮೆಂಟ್ ಹಾಲು ಕದಡಿ ಪೊರಕೆಯಿಂದ ಬಳಿದರು, ಗೀರುಗಳು ಕಣ್ಮರೆಯಾದವು. ಬಿಲ್ಲೂ ಪಾಸಾಯಿತು.

ಮೂರನೆಯ ಮಳೆಗಾಲಕ್ಕೆ ಸೂರಿನಲ್ಲಿ ತೇವದ ಕಲೆಗಳು ಮೂಡಿದವು. ಹನ್ನೆರಡನೆಯ ವರ್ಷ ನಾನು ಬೇರೆ ಶಾಲೆಗೆ ವರ್ಗವಾಗಿದ್ದೆ. ಒಂದು ರಾತ್ರಿ ಮಳೆ ಸುರಿದು ನಿಂತ ಮೇಲೆ, ಮೊರದಗಲದ ಒಂದು ಹೆಂಟೆ ಸೂರಿನಿಂದ ಕಳಚಿ, ಮೂರನೆಯ ತರಗತಿಯ ಮಕ್ಕಳು ಕೂರುವ ಮುಂದಿನ ಬೆಂಚಿನ ಮೇಲೆ ಬಿದ್ದಿತೆಂದು ನನ್ನ ನಂತರ ಬಂದವರು ಹೇಳಿ ಕಳುಹಿಸಿದರು. ಹೋಗಿ ನೋಡಿದೆ. ಕಳಚಿದ ಜಾಗದಲ್ಲಿ ಕಬ್ಬಿಣದ ಕಂಬಿ ತುಕ್ಕು ಹಿಡಿದು ಉಬ್ಬಿತ್ತು. ಅಂದು ರಾತ್ರಿಯಾಗಿತ್ತು ಎಂಬ ಒಂದೇ ಕಾರಣದಿಂದ ನಾನು ಈಗ ಇದನ್ನು ಸಮಾಧಾನವಾಗಿ ಬರೆಯುತ್ತಿದ್ದೇನೆ.

ಆ ಹೆಂಟೆ ಬಿದ್ದದ್ದು ಹನ್ನೆರಡನೆಯ ವರ್ಷವಲ್ಲ, ಮೋಲ್ಡ್ ಹಾಕಿದ ದಿನದ ಆ ಸಂಜೆಯೇ ಎಂದು ನನ್ನ ವಾದ. ಹಸಿ ಕಾಂಕ್ರೀಟಿನಲ್ಲಿ ಜಲ್ಲಿ, ಮರಳು, ಸಿಮೆಂಟು ಕೆಳಕ್ಕೆ ಕುಸಿಯುತ್ತಾ ನೀರು ಮೇಲಕ್ಕೆ ಒಸರುತ್ತದೆ. ಒಸರುವ ನೀರಿಗಿಂತ ಗಾಳಿ ಕುಡಿಯುವ ನೀರು ಹೆಚ್ಚಾದರೆ ಮೇಲಿನ ತೊಗಲು ಕುಗ್ಗುತ್ತದೆ, ಒಳಗಿನ ಮೈ ಕುಗ್ಗುವುದಿಲ್ಲ. ಇನ್ನೂ ಬಲಿಯದ ತೊಗಲು ಆ ಎಳೆತವನ್ನು ತಾಳಲಾರದೆ ಹರಿಯುತ್ತದೆ. ಒಂದು ಚದರ ಮೀಟರಿನಿಂದ ಗಂಟೆಗೆ ಸುಮಾರು ಒಂದು ಲೀಟರಿನಷ್ಟು ನೀರು ಆರಿಹೋಗುವಂತಿದ್ದರೆ ಅಪಾಯವೆಂದು ಎಂಜಿನಿಯರುಗಳ ಪುಸ್ತಕಗಳೇ ಹೇಳುತ್ತವೆ. ಬಿಸಿಲು, ಒಣಹವೆ, ಗಾಳಿ ಮೂರೂ ಕೂಡಿದರೆ ಆ ಮಿತಿ ದೂರವೇನಲ್ಲ. ಬಾಬಾಬುಡನ್ ಬೆಟ್ಟಗಳ ಮಳೆನೆರಳಿನಲ್ಲಿ ಮಲಗಿರುವ ನಮ್ಮ ಕಡೂರಿನ ಬಯಲಿನಲ್ಲಿ ಚೈತ್ರ ವೈಶಾಖಗಳ ಮಧ್ಯಾಹ್ನ ಈ ಮೂರೂ ಪುಕ್ಕಟೆಯಾಗಿ ದೊರೆಯುತ್ತವೆ. ತರೀಕೆರೆಯಿಂದ ಪಶ್ಚಿಮಕ್ಕೆ, ಲಕ್ಕವಳ್ಳಿಯ ಕಡೆಗೆ ಹೋದರೆ ಕಾಡಿನ ತಂಪು, ಭದ್ರೆಯ ತೇವ. ಅಲ್ಲಿ ಅದೇ ಮೇಸ್ತ್ರಿ ಅದೇ ಪಾಕದಲ್ಲಿ ಹಾಕಿದ ತಾರಸಿ ಬಚಾವಾದೀತು. ತನ್ನ ಕೈಗುಣವೆಂದು ಅವನು ಮೀಸೆ ತಿರುವಿಕೊಳ್ಳುವುದುಂಟು!

ಈ ಮೊದಲ ದಿನದ ಬಿರುಕಿಗೆ ಮದ್ದು ಉಂಟು. ನಮ್ಮ ಅಜ್ಜಂದಿರಿಗೂ ಅದು ಗೊತ್ತಿತ್ತು. ನಾನು ಹುಟ್ಟಿ ಬೆಳೆದದ್ದು ಕಡೂರು ಸೀಮೆಯ ಒಂದು ಮಾಳಿಗೆ ಮನೆಯಲ್ಲಿ. ಗೋಡೆ ಮೆತ್ತುವ ಮಣ್ಣಿಗೆ ಹುಲ್ಲಿನ ತುಂಡು, ಹೊಟ್ಟು, ಸಗಣಿ ಸೇರಿಸಿ, ನೀರು ಹಾಕಿ ಕೊಳೆಯಲು ಬಿಟ್ಟು, ದಿನಗಟ್ಟಲೆ ತುಳಿಯುತ್ತಿದ್ದರು. ಬರಿಯ ಮಣ್ಣು ಒಣಗುವಾಗ ಸೀಳುತ್ತದೆ, ಹುಲ್ಲಿನ ಎಳೆ ಅದನ್ನು ಹಿಡಿದುಕೊಳ್ಳುತ್ತದೆ. ಕಾಂಕ್ರೀಟಿಗೆ ಹಾಕುವ ಗಾಜಿನ ನಾರು ಮಾಡುವುದೂ ಇದೇ ಕೆಲಸವನ್ನು. ಹೊಸದೆಂದು ಮೂಗು ಮುರಿಯುವವರು ತಮ್ಮ ಹಳೆಯ ಮನೆಯ ಗೋಡೆಯನ್ನೊಮ್ಮೆ ಕೆರೆದು ನೋಡಲಿ.

ಗಾಜು ಎಂದೊಡನೆ ಒಡೆಯುವ ಬಳೆ, ಲೋಟಗಳು ನೆನಪಾಗುತ್ತವೆ. ಆದರೆ ಕರಗಿದ ಗಾಜನ್ನು ಕೂದಲಿಗಿಂತ ತೆಳುವಾದ ಎಳೆಯಾಗಿ ಎಳೆದರೆ ಅದರ ಬಿಗಿ ಬೇರೆಯೇ. ತೊಡಕಿದ್ದುದು ಇನ್ನೊಂದು ಕಡೆ. ಸಿಮೆಂಟಿನ ಒಳಗಿರುವುದು ತೀಕ್ಷ್ಣವಾದ ಕ್ಷಾರ, ಅದು ಸಾಮಾನ್ಯ ಗಾಜನ್ನು ಕ್ರಮೇಣ ತಿಂದುಹಾಕುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಕಟ್ಟಡ ಸಂಶೋಧನಾ ಕೇಂದ್ರದಲ್ಲಿ ಎ. ಜೆ. ಮಜುಂದಾರ್ ಎಂಬ ವಿಜ್ಞಾನಿ ಜಿರ್ಕೋನಿಯಾ ಬೆರೆಸಿದ ಗಾಜಿನಿಂದ ನಾರು ತೆಗೆದು ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿದರು. 1970ರ ದಶಕದ ಆರಂಭದಲ್ಲಿ ಪಿಲ್ಕಿಂಗ್ಟನ್ ಕಂಪನಿ ಅದನ್ನು 'ಸೆಮ್‌ಫಿಲ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕಲ್ನಾರಿನ ಶೀಟುಗಳಲ್ಲಿ ಕಲ್ನಾರು ಮಾಡುವ ಕೆಲಸವನ್ನು, ಶ್ವಾಸಕೋಶಕ್ಕೆ ಆ ಪರಿಯ ಹಾನಿಯಿಲ್ಲದೆ ಮಾಡಬಲ್ಲ ನಾರು ಇದು ಎಂಬುದೂ ಅದಕ್ಕೆ ಬೆಲೆ ತಂದಿತು.

ಬೇಕಾಗುವ ಪ್ರಮಾಣವಾದರೂ ಎಷ್ಟು? ಮೊದಲ ದಿನದ ಬಿರುಕನ್ನು ತಡೆಯಲು ಒಂದು ಘನಮೀಟರ್ ಕಾಂಕ್ರೀಟಿಗೆ ಸುಮಾರು 600 ಗ್ರಾಂ ಸಾಕು. ನಮ್ಮ ಲೆಕ್ಕದಲ್ಲಿ ಒಂದು ಚೀಲ ಸಿಮೆಂಟಿಗೆ 75ರಿಂದ 100 ಗ್ರಾಂ, ಎಂದರೆ ಹಗುರವಾದ ಒಂದು ಹಿಡಿ. ಆ ಹಿಡಿಯನ್ನು ಅಲ್ಪವೆಂದು ಎಣಿಸಬಾರದು. 12 ಮಿಲಿಮೀಟರ್ ಉದ್ದ, 14 ಮೈಕ್ರಾನ್ ದಪ್ಪದ ಎಳೆಗಳಾದರೆ ಒಂದು ಕಿಲೋದಲ್ಲಿ ಸುಮಾರು ಇಪ್ಪತ್ತು ಕೋಟಿ ಎಳೆಗಳಿರುತ್ತವೆ. ಗಣಿತದ ಮೇಷ್ಟ್ರಾದ ನಾನು ಕಾಗದದ ಮೇಲೆ ಗುಣಿಸಿ ನೋಡಿಯೇ ಬರೆಯುತ್ತಿದ್ದೇನೆ.

ಇಷ್ಟನ್ನು ಓದಿ, ನಾನು ಯಾವುದೋ ಅಂಗಡಿಯ ಪರವಾಗಿ ಡಂಗುರ ಹೊಡೆಯುತ್ತಿದ್ದೇನೆಂದು ಭಾವಿಸಬೇಡಿ. ನನ್ನ ಜಗಳ ಬಿರುಕನ್ನು ಹಣೆಬರಹವೆನ್ನುವವರೊಡನೆ ಎಷ್ಟಿದೆಯೋ, ಈ ಪೊಟ್ಟಣವನ್ನು ತಾಯಿತದಂತೆ ಮಾರುವವರೊಡನೆಯೂ ಅಷ್ಟೇ ಇದೆ. ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಮನೆ ಕಟ್ಟಿಸುತ್ತಿದ್ದ. "ಸಾರ್, ಫೈಬರ್ ಹಾಕಿಸ್ತಿದೀನಿ, ಕಂಬಿ ಸ್ವಲ್ಪ ಕಮ್ಮಿ ಮಾಡಬಹುದಂತೆ, ನೀರೂ ಜಾಸ್ತಿ ಹೊಡೆಯೋದು ಬೇಡವಂತೆ" ಎಂದ. ಯಾರಪ್ಪಾ ಹೇಳಿದ್ದು ಎಂದರೆ, ಮಾರಿದವನೇ! ಕಾಂಕ್ರೀಟು ಒತ್ತುವ ಭಾರವನ್ನು ತಾಳುವುದರ ಹತ್ತನೆಯ ಒಂದು ಪಾಲಿನಷ್ಟೂ ಎಳೆಯುವ ಭಾರವನ್ನು ಸರಿಯಾಗಿ ತಾಳದು. ತಾರಸಿಯಲ್ಲಿ ಆ ಎಳೆತವನ್ನು ಹೊರುವುದಕ್ಕೆ ಕಂಬಿಯೇ ಬೇಕು. ಘನಮೀಟರಿಗೆ 600 ಗ್ರಾಂ ನಾರು ಆ ಹೊರೆಯನ್ನು ಹೊರಲಾರದು. ಇನ್ನು ನೀರಿನ ಮಾತು. ಭಾರತೀಯ ಮಾನಕ 456, ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೂ ಬಿಸಿಲಿನ ಒಣಹವೆಗೂ ಕನಿಷ್ಠ 10 ದಿನ ತೇವ ಕಾಯಬೇಕೆನ್ನುತ್ತದೆ. ನಾರು ಹಾಕಿದವರಿಗೆ ಅದು ರಿಯಾಯಿತಿ ಕೊಟ್ಟಿಲ್ಲ.

ಅದಕ್ಕಿಂತ ಸೂಕ್ಷ್ಮವಾದ ಮೋಸವೊಂದಿದೆ, ಅದು ಯಾರೂ ಬೇಕೆಂದು ಮಾಡುವುದಲ್ಲ. ನಾರು ಬೆರೆತ ಕಾಂಕ್ರೀಟು ನೋಡಲು ಗಟ್ಟಿಯಾಗಿ, ಬಿಗಿದಂತೆ ಕಾಣುತ್ತದೆ. ಆಳು "ಬಿಗಿ ಆಯ್ತು" ಎಂದು ಒಂದು ಬಕೆಟ್ ನೀರು ಸುರಿಯುತ್ತಾನೆ. ಹೆಚ್ಚು ನೀರು ಎಂದರೆ ಮುಂದೆ ಹೆಚ್ಚು ಕುಗ್ಗು, ಕಡಿಮೆ ಬಲ. ನಾರಿನಿಂದ ಗಳಿಸಿದ್ದು ಆ ಒಂದು ಬಕೆಟ್ಟಿನಲ್ಲಿ ಕೊಚ್ಚಿಹೋಯಿತು. ಪೊಟ್ಟಣದ ಮೇಲೆ 'ಎ.ಆರ್.' ಎಂಬ ಎರಡಕ್ಷರವನ್ನೂ, ಜಿರ್ಕೋನಿಯಾ ಶೇಕಡಾ 16ಕ್ಕೆ ಕಡಿಮೆಯಿಲ್ಲವೆಂಬ ಒಕ್ಕಣೆಯನ್ನೂ ನೋಡದೆ, ಶೀಟು ದೋಣಿಗಳಿಗೆ ಬಳಸುವ ಅಗ್ಗದ ನಾರನ್ನು ತಂದರೆ ಮೊದಲ ದಿನ ಕೆಲಸ ನಡೆದೀತು. ಮುಂದಿನ ವರ್ಷಗಳಿಗೆ ಅದನ್ನು ನೆಚ್ಚುವಂತಿಲ್ಲ.

ಅಜ್ಜಂಪುರದ ಎರೆಭೂಮಿಯವರಿಗೆ ಒಂದು ಮಾತನ್ನು ಬೇರೆಯಾಗಿಯೇ ಹೇಳಬೇಕು. ಆ ಕಪ್ಪು ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಹೂತುಹೋಗುವಷ್ಟು ಬಾಯಿ ಬಿಡುತ್ತದೆ. ಆ ಮಣ್ಣಿನ ಮೇಲೆಯೇ ತಳಪಾಯ ಹಾಕಿ ನಿಲ್ಲಿಸಿದ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಏಳುವ ಬಿರುಕಿಗೂ ನಾನು ಇಲ್ಲಿಯವರೆಗೆ ಹೇಳಿದ ಬಿರುಕಿಗೂ ಸಂಬಂಧವಿಲ್ಲ. ಎರೆಯನ್ನು ದಾಟಿ ಗಟ್ಟಿ ನೆಲ ಸಿಗುವ ತನಕ ಅಗೆಯದೆ, ಮೇಲೆ ಎಷ್ಟು ಮೂಟೆ ನಾರು ಸುರಿದರೂ ಮನೆ ಸೀಳದೆ ಇರದು.

ನನ್ನ ವಯಸ್ಸಿನ ಮಿತ್ರರೊಬ್ಬರು ಈ ವಾದವನ್ನೆಲ್ಲ ಕೇಳಿ, "ಅಮೃತಾಪುರದ ದೇವಸ್ಥಾನಕ್ಕೆ ಯಾವ ನಾರು ಹಾಕಿದ್ದರು?" ಎಂದು ಕೇಳಿದರು. ತರೀಕೆರೆಯ ಬಳಿಯ ಆ ಅಮೃತೇಶ್ವರ ದೇವಾಲಯ 1196ರದು, ಇಮ್ಮಡಿ ವೀರಬಲ್ಲಾಳನ ಕಾಲದ್ದು. ಆ ಮಂಟಪದಲ್ಲಿ ಕಂಬಗಳು ಏಕೆ ಅಷ್ಟು ಒತ್ತೊತ್ತಾಗಿವೆ ಎಂದು ಅವರು ಯೋಚಿಸಿರಲಿಲ್ಲ. ಕಲ್ಲಿನ ತೊಲೆಯೂ ಎಳೆತಕ್ಕೆ ಬಡಕಲು, ಆದ್ದರಿಂದ ಶಿಲ್ಪಿ ಅಂತರವನ್ನು ಕಿರಿದುಮಾಡಿದ. ತನ್ನ ವಸ್ತುವಿನ ದೌರ್ಬಲ್ಯವನ್ನು ಒಪ್ಪಿಕೊಂಡು ಕಟ್ಟಿದವನು ಅವನು. ನಮ್ಮದೇ ಬೆಟ್ಟಗಳ ನೀರನ್ನು ಹೊತ್ತು ಕಡೂರನ್ನು ಹಾದುಹೋಗುವ ವೇದಾವತಿಗೆ 1898ರಿಂದ 1907ರವರೆಗೆ ಮಾರಿಕಣಿವೆಯಲ್ಲಿ ಅಣೆಕಟ್ಟು ಕಟ್ಟಿದವರೂ ಸುಣ್ಣ, ಸುರ್ಕಿಯ ಗಾರೆ ನಿಧಾನವಾಗಿ ಬಲಿಯುತ್ತದೆಂದು ಬಲ್ಲವರೇ. ಹಳಬರನ್ನು ಹೊಗಳುವವರು ಅವರ ತಾಳ್ಮೆಯನ್ನು ಮಾತ್ರ ಪಕ್ಕಕ್ಕಿಡುತ್ತಾರೆ.

ಹಾಗಾದರೆ ನಾರು ಎಲ್ಲಿ ಬೇಕು? ತೆಳುವಾಗಿ, ಅಗಲವಾಗಿ, ಬಿಸಿಲಿಗೆ ಮೈಯೊಡ್ಡಿ ಮಲಗುವ ಕಾಂಕ್ರೀಟಿಗೆ. ಶಾಲೆಯ ಜಗುಲಿ, ಕಣ, ಅಂಗನವಾಡಿಯ ನೆಲ, ಊರೊಳಗಿನ ಸಿಮೆಂಟ್ ರಸ್ತೆ. ಭದ್ರಾ ಮೇಲ್ದಂಡೆಯ ನೀರು ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರ್ ಸುರಂಗವನ್ನು ಹಾದು ಬಯಲುಸೀಮೆಗೆ ಇಳಿಯಬೇಕಾಗಿದೆ. ಇಂಥ ಕಾಲುವೆಗಳ ಒಳಮೈಗೆ ಹೊದಿಸುವ ಕಾಂಕ್ರೀಟು ತೆಳ್ಳನೆಯದು, ಸಾಮಾನ್ಯವಾಗಿ ಅದರಲ್ಲಿ ಕಂಬಿಯಿರುವುದಿಲ್ಲ. ಅಲ್ಲಿನ ಒಂದೊಂದು ಬಿರುಕೂ ಕೊನೆಯ ರೈತನ ಹೊಲಕ್ಕೆ ತಲುಪದ ನೀರು. ಅಂದಾಜುಪಟ್ಟಿ ಬರೆಯುವಾಗಲೇ ಒಂದು ಸಾಲು ಹೆಚ್ಚಾಗಿ ಬರೆದರೆ ಏನು ಗಂಟು ಹೋಗುತ್ತದೆ?

ಈ ಪ್ರಶ್ನೆಯನ್ನು ನಮ್ಮ ಬೀದಿಯ ರಸ್ತೆ ಕಾಮಗಾರಿಯ ಎಂಜಿನಿಯರರಿಗೆ ವಿನಯಪೂರ್ವಕವಾಗಿಯೇ ಕೇಳಿದೆ. ಯುವಕರು, ಸಜ್ಜನರು. "ಎಸ್ಟಿಮೇಟಿನಲ್ಲಿ ಇಲ್ಲ ಸಾರ್, ನಾನೇನು ಮಾಡಲಿ" ಎಂದರು. ಆಗಲಿ. ಎಸ್ಟಿಮೇಟಿನಲ್ಲಿ ಇರುವುದನ್ನಾದರೂ ಮಾಡಿಸಿ ಎಂದೆ. ಮೂರು ನಾಲ್ಕು ಮೀಟರಿಗೊಂದರಂತೆ ಗಂಡಿ ಕೊಯ್ಯುವುದು ಅದರಲ್ಲಿದೆ, ಮರುದಿನದೊಳಗೆ ಕೊಯ್ಯಬೇಕು, ವಾರ ಕಳೆದ ಮೇಲಲ್ಲ. ತೇವ ಕಾಯುವುದೂ ಅದರಲ್ಲಿದೆ. ಬೆಳಿಗ್ಗೆ ಹತ್ತರೊಳಗೆ ಸುರಿದು ಮುಗಿಸಿ, ಇಲ್ಲವೇ ಸಂಜೆ ನಾಲ್ಕರ ಮೇಲೆ ಶುರುಮಾಡಿ ಎಂದೂ ಕೇಳಿಕೊಂಡೆ. ಗುತ್ತಿಗೆದಾರ ನಕ್ಕು, "ಮೇಷ್ಟ್ರೇ, ನೀವೇ ನಿಂತ್ಕೊಂಡು ಮಾಡ್ಸಿ" ಎಂದ.

ಆ ಮಾತನ್ನು ನಾನು ಹಾಸ್ಯವಾಗಿ ತೆಗೆದುಕೊಂಡಿಲ್ಲ. ನನ್ನ ಮನೆಯ ಮುಂದಿನ ಮೂವತ್ತು ಅಡಿಗೆ ಬೇಕಾಗುವ ಕ್ಷಾರನಿರೋಧಕ ನಾರನ್ನು ನನ್ನ ಪಿಂಚಣಿಯಿಂದಲೇ ತರಿಸಿಟ್ಟಿದ್ದೇನೆ, ಹಾಕಲು ಎಂಜಿನಿಯರರ ಒಪ್ಪಿಗೆಯನ್ನು ಬರಹದಲ್ಲಿ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಬರುವ ಸೋಮವಾರ ಕಾಂಕ್ರೀಟು ಸುರಿಯುತ್ತಾರಂತೆ. ಪಕ್ಕದ ಅಡಿಕೆ ಮಂಡಿಯಿಂದ ಹದಿನೈದು ಹಳೆಯ ಗೋಣಿಚೀಲಗಳನ್ನು ಕೇಳಿ ತಂದು, ತೊಟ್ಟಿಯಲ್ಲಿ ನೆನೆಹಾಕಲು ನನ್ನ ಮನೆಯಾಕೆಗೆ ಹೇಳಿಟ್ಟಿದ್ದೇನೆ.