ಪಕ್ಕದ ಪಟ್ಟಿ: ಕನ್ನಡ ಬ್ಲಾಗ್ ಬರವಣಿಗೆಯ ಒಂದು ಅಲಕ್ಷಿತ ಆಕರ

ತನ್ನ ಮಾತನ್ನು ಆರಂಭಿಸುವ ಮೊದಲು ಇತರರ ಹೆಸರುಗಳನ್ನು ಹೇಳುವುದು ಕನ್ನಡ ಕಾವ್ಯಪರಂಪರೆಯಲ್ಲಿ ರೂಢವಾದ ಕ್ರಮ. ಪೂರ್ವಕವಿಸ್ಮರಣೆಯೆಂದು ಕರೆಯಲಾಗುವ ಈ ಕ್ರಮವನ್ನು ವಿನಯದ ಸಂಪ್ರದಾಯವೆಂದು ಮಾತ್ರ ತಿಳಿದರೆ ಅದರ ಚಾರಿತ್ರಿಕ ಮಹತ್ವ ಮರೆಯಾಗುತ್ತದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಕನ್ನಡ ಗದ್ಯಕಾರರೆಂದು ಹೆಸರಿಸುತ್ತದೆ. ಇವರ ಕನ್ನಡ ಗದ್ಯದ ಒಂದು ಕೃತಿಯೂ ಇಂದು ಲಭ್ಯವಿಲ್ಲ. ಆದರೂ ‘ಕವಿರಾಜಮಾರ್ಗ’ಕ್ಕಿಂತ ಹಿಂದೆ ಕನ್ನಡದಲ್ಲಿ ಗದ್ಯಸಾಹಿತ್ಯವಿತ್ತು ಎಂದು ವಿದ್ವಾಂಸರು ಧೈರ್ಯವಾಗಿ ಹೇಳಲು ಈ ಕೆಲವು ಹೆಸರುಗಳು ಆಧಾರವಾಗಿವೆ. ಕೃತಿಗಳು ಅಳಿದವು, ಪಟ್ಟಿ ಉಳಿಯಿತು.

ಹಾಗೆ ಉಳಿದ ಪಟ್ಟಿಗಳೆಲ್ಲ ಒಂದೇ ಬಗೆಯವಲ್ಲ. ‘ಕವಿರಾಜಮಾರ್ಗ’ ಹೆಸರುಗಳನ್ನು ಗದ್ಯ ಮತ್ತು ಪದ್ಯ ಎಂಬ ವಿಂಗಡಣೆಯೊಡನೆ ಕೊಡುತ್ತದೆ. ಜಯಕೀರ್ತಿಯ ‘ಛಂದೋನುಶಾಸನ’ ಛಂದಸ್ಸಿನ ಚರ್ಚೆಯ ನಡುವೆ ಅಸಗನ ‘ಕರ್ಣಾಟಕುಮಾರಸಂಭವ’ವನ್ನು ಉಲ್ಲೇಖಿಸುತ್ತದೆ. ಆ ಕಾವ್ಯ ಉಳಿದಿಲ್ಲ. ಆದರೆ ಅದರ ಹೆಸರು, ವಸ್ತುವಿನ ಸುಳಿವು ಎರಡೂ ಆ ಒಂದು ಉಲ್ಲೇಖದಿಂದ ತಿಳಿಯುತ್ತವೆ. ‘ಶಬ್ದಮಣಿದರ್ಪಣ’ದ ಆರಂಭದಲ್ಲಿ ಕೇಶಿರಾಜನು ಗಜಗ, ಗುಣನಂದಿ, ಅಸಗ, ಗುಣವರ್ಮ, ಪಂಪ ಮೊದಲಾದವರನ್ನು ಹೆಸರಿಸುವುದು ತನ್ನ ವ್ಯಾಕರಣಕ್ಕೆ ಅವರ ಪ್ರಯೋಗಗಳೇ ಲಕ್ಷ್ಯವೆಂದು ತಿಳಿಸುವುದಕ್ಕಾಗಿ. ಹೆಸರಿಸಿದವನು ಏಕೆ ಹೆಸರಿಸಿದನೆಂಬುದು ಹೆಚ್ಚು ಸ್ಪಷ್ಟವಾದಷ್ಟೂ ಮುಂದಿನವರಿಗೆ ಆ ಪಟ್ಟಿಯಿಂದ ಹೆಚ್ಚು ತಿಳಿದಿದೆ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಪ್ರಕಟವಾದಾಗ, ಅನುಪಲಬ್ಧ ಕವಿಗಳ ಬಗೆಗೆ ಅದು ಒದಗಿಸಿದ ವಿವರಗಳಲ್ಲಿ ಇಂತಹ ಸ್ಮರಣೆ ಮತ್ತು ಉದ್ಧರಣೆಗಳ ಪಾಲು ದೊಡ್ಡದು.

ಈ ಹಿನ್ನೆಲೆಯನ್ನು ಇಲ್ಲಿ ನೆನೆಯಲು ಕಾರಣವಿದೆ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಕನ್ನಡದಲ್ಲಿ ಬ್ಲಾಗ್ ಬರವಣಿಗೆ ಬೆಳೆದಾಗ ಅದರೊಂದಿಗೆ ಒಂದು ಪಟ್ಟಿಯೂ ಬೆಳೆಯಿತು. ಬರಹದ ಬಲಕ್ಕೋ ಎಡಕ್ಕೋ ಕಿರಿದಾದ ಅಂಕಣದಲ್ಲಿ ಬ್ಲಾಗಿಗರು ತಾವು ಮೆಚ್ಚಿ ಓದುವ ಇತರ ಬ್ಲಾಗ್‌ಗಳ ಹೆಸರು ಮತ್ತು ಕೊಂಡಿಗಳನ್ನು ಕೊಡುತ್ತಿದ್ದರು. ಇಂಗ್ಲಿಷಿನಲ್ಲಿ ಬ್ಲಾಗ್‌ರೋಲ್ ಎನ್ನಲಾಗುವ ಇದನ್ನು ಈ ಬರಹದಲ್ಲಿ ‘ಪಕ್ಕದ ಪಟ್ಟಿ’ ಎಂದು ಕರೆಯಲಾಗಿದೆ. ಕನ್ನಡ ಬ್ಲಾಗ್‌ಗಳನ್ನು ಅಧ್ಯಯನಕ್ಕೆ ಎತ್ತಿಕೊಳ್ಳುವವರ ಗಮನ ಸಹಜವಾಗಿಯೇ ನಡುವಿನ ಬರಹದ ಮೇಲಿರುತ್ತದೆ. ಪಕ್ಕದ ಪಟ್ಟಿ ಅಲಂಕಾರವಾಗಿ ಉಳಿದುಬಿಡುತ್ತದೆ. ಆದರೆ ಅದು ಒಂದು ತಲೆಮಾರಿನ ಓದಿನ ದಾಖಲೆ. ಆ ದಾಖಲೆ ಈಗ ಅಳಿಯುತ್ತಿದೆ.

ಬ್ಲಾಗ್ ಬರವಣಿಗೆ ಕನ್ನಡದಲ್ಲಿ ಸಾಧ್ಯವಾದದ್ದು ಕೆಲವು ತಾಂತ್ರಿಕ ಅನುಕೂಲಗಳಿಂದ. 1999ರಲ್ಲಿ ಆರಂಭವಾದ ಬ್ಲಾಗರ್ ಸೇವೆಯನ್ನು 2003ರಲ್ಲಿ ಗೂಗಲ್ ಕೊಂಡುಕೊಂಡಿತು. ಅದೇ ವರ್ಷ ವರ್ಡ್‌ಪ್ರೆಸ್ ಬಂದಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಯೂನಿಕೋಡ್‌ಗೆ ಬೆಂಬಲ ದೊರೆತುದರಿಂದ ಪ್ರತಿಯೊಂದು ತಾಣಕ್ಕೂ ಪ್ರತ್ಯೇಕ ಅಕ್ಷರಶೈಲಿಯನ್ನು ಅಳವಡಿಸಿಕೊಳ್ಳಬೇಕಾದ ತೊಡಕು ಕ್ರಮೇಣ ಕಡಿಮೆಯಾಯಿತು. ಕನ್ನಡ ವಿಕಿಪೀಡಿಯ 2003ರಲ್ಲಿಯೂ ‘ಸಂಪದ’ ಸಮುದಾಯ ತಾಣ 2005ರಲ್ಲಿಯೂ ಆರಂಭವಾದವು. ಬೆಂಗಳೂರಿನ ಕಛೇರಿಗಳಲ್ಲಿ, ಮಲೆನಾಡಿನ ಊರುಗಳಲ್ಲಿ, ಅಮೆರಿಕದ ನಗರಗಳಲ್ಲಿ ಕುಳಿತವರು ಒಂದೇ ಲಿಪಿಯಲ್ಲಿ, ಸಂಪಾದಕರ ಅನುಮತಿಗೆ ಕಾಯದೆ ಪ್ರಬಂಧ, ಕವಿತೆ, ನೆನಪು, ವಿಡಂಬನೆಗಳನ್ನು ಪ್ರಕಟಿಸತೊಡಗಿದರು.

ಸಂಪಾದಕನಿಲ್ಲದ ಕಡೆ ಓದುಗನಿಗೆ ದಾರಿ ತೋರಿಸುವವರು ಯಾರು? ಈ ಪ್ರಶ್ನೆಗೆ ಆ ಕಾಲ ಕಂಡುಕೊಂಡ ಉತ್ತರ ಪಕ್ಕದ ಪಟ್ಟಿ. ಮುದ್ರಿತ ಪತ್ರಿಕೆಗಳಲ್ಲಿ ‘ಸಾದರ ಸ್ವೀಕಾರ’ದ ಅಂಕಣ ಯಾವ ಪುಸ್ತಕಗಳು ಬಂದಿವೆಯೆಂದು ತಿಳಿಸುತ್ತದೆ; ಅಲ್ಲಿ ಪುಸ್ತಕ ಕಳುಹಿಸಿದ ಎಲ್ಲರಿಗೂ ಸ್ಥಾನವಿರುತ್ತದೆ. ಪಕ್ಕದ ಪಟ್ಟಿ ಹಾಗಲ್ಲ. ಅಲ್ಲಿ ಒಬ್ಬ ಓದುಗ ತಾನಾಗಿ ಹುಡುಕಿ, ಓದಿ, ಆಯ್ದು ಹೆಸರನ್ನು ಬರೆದಿರುತ್ತಾನೆ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋಗುತ್ತಾ ಓದುಗರು ಹೊಸ ಲೇಖಕರನ್ನು ಕಂಡುಕೊಂಡರು. ಯಾರು ಯಾರನ್ನು ಓದುತ್ತಿದ್ದರು, ಯಾವ ಗುಂಪುಗಳ ನಡುವೆ ಹೋಗಿಬರುವ ದಾರಿಯಿತ್ತು, ಯಾವುವು ಪರಸ್ಪರ ಅಪರಿಚಿತವಾಗಿ ಉಳಿದವು ಎಂಬುದನ್ನು ಅರಿಯಲು ಇದಕ್ಕಿಂತ ನೇರವಾದ ಆಕರ ದೊರೆಯುವುದು ಕಷ್ಟ. ನವೋದಯ, ನವ್ಯ ಕಾಲದ ಲೇಖಕವಲಯಗಳ ಸಂಬಂಧಗಳನ್ನು ಪತ್ರಗಳು, ಅರ್ಪಣೆಗಳು, ಮುನ್ನುಡಿಗಳಿಂದ ಊಹಿಸಿಕೊಳ್ಳುವ ಸಂಶೋಧಕನಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಕಾಲಕ್ರಮದಲ್ಲಿ ಈ ಪಟ್ಟಿಯ ಸ್ವರೂಪ ಬದಲಾಯಿತು. ಮೊದಲನೆಯ ಬಗೆ ಕೈಯಿಂದ ಬರೆದ ಪಟ್ಟಿ. ಅದನ್ನು ಬರೆದವನು ತಾನೇ ತಿದ್ದುವವರೆಗೆ ಅದು ಇದ್ದಂತೆಯೇ ಇರುತ್ತದೆ. ಎರಡನೆಯದು ತಾನಾಗಿ ನವೀಕರಣಗೊಳ್ಳುವ ಪಟ್ಟಿ. ಆರ್‌ಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಪ್ರತಿಯೊಂದು ಬ್ಲಾಗ್ ತನ್ನ ಇತ್ತೀಚಿನ ಬರಹಗಳ ಶೀರ್ಷಿಕೆ, ಕೊಂಡಿ, ದಿನಾಂಕಗಳನ್ನು ಒಂದು ಕಡತದಲ್ಲಿ ಒದಗಿಸುತ್ತದೆ. ಬೇರೆಯ ತಾಣ ಆ ಕಡತವನ್ನು ಆಗಾಗ ಓದಿ ತನ್ನ ಪುಟದಲ್ಲಿ ತೋರಿಸಬಲ್ಲದು. ಬ್ಲಾಗರ್ 2008ರಲ್ಲಿ ಇಂತಹ ಪಟ್ಟಿಯನ್ನು ಎಲ್ಲರಿಗೂ ಸುಲಭವಾಗಿಸಿತು. ಮೆಚ್ಚಿದ ಬ್ಲಾಗಿನ ಹೆಸರಿನ ಕೆಳಗೆ ಅದರ ಹೊಸ ಬರಹದ ಶೀರ್ಷಿಕೆ, ಬೇಕಿದ್ದರೆ ಮೊದಲ ಕೆಲವು ಸಾಲು ಕಾಣಿಸಿಕೊಂಡವು. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಬಹುದಿತ್ತು, ಇಲ್ಲವೆ ಈಚೆಗೆ ಬರೆದವರು ಮೇಲೆ ಬರುವಂತೆ ಜೋಡಿಸಬಹುದಿತ್ತು.

ಇದು ಓದುಗನಿಗೆ ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಹತ್ತು ತಾಣಗಳಿಗೆ ಹೋಗಿ ಹೊಸದೇನಾದರೂ ಬಂದಿದೆಯೇ ಎಂದು ನೋಡುವ ಶ್ರಮ ತಪ್ಪಿತು. ಆದರೆ ಈ ಅನುಕೂಲದೊಂದಿಗೆ ಪಟ್ಟಿಯ ಅರ್ಥವೂ ಬದಲಾಯಿತೆಂಬುದನ್ನು ಗಮನಿಸಬೇಕು. ಕೈಬರಹದ ಪಟ್ಟಿ ‘ಯಾರನ್ನು ಓದಬೇಕು’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತಿತ್ತು. ಈಚಿನದನ್ನು ಮೇಲಿಡುವ ಪಟ್ಟಿ ‘ಈಗ ಬರೆದವರು ಯಾರು’ ಎಂಬುದನ್ನು ಹೇಳುತ್ತದೆ. ವರ್ಷಕ್ಕೆ ಎರಡು ಬಾರಿ ಗಟ್ಟಿಯಾದ ಪ್ರಬಂಧ ಬರೆಯುವವರು ಕೆಳಗೆ ಸರಿಯುತ್ತಾರೆ, ದಿನವೂ ನಾಲ್ಕು ಸಾಲು ಬರೆಯುವವರು ಮೇಲೆ ನಿಲ್ಲುತ್ತಾರೆ. ಆಯ್ಕೆ ಪಟ್ಟಿ ಮಾಡಿದವನದೇ ಆದರೂ ಕ್ರಮ ಅವನದಲ್ಲ. ಇನ್ನೂ ಮುಖ್ಯವಾದುದೆಂದರೆ, ಇಂತಹ ಪಟ್ಟಿ ತನ್ನ ನಿನ್ನೆಯನ್ನು ಉಳಿಸಿಕೊಳ್ಳುವುದಿಲ್ಲ. ಇಂದಿನ ಶೀರ್ಷಿಕೆ ಬಂದೊಡನೆ ಹಿಂದಿನದು ಅಳಿಸಿಹೋಗುತ್ತದೆ. ಸಾಹಿತ್ಯ ಚರಿತ್ರೆಗೆ ಬೇಕಾಗಿರುವುದು ಹಾಗೆ ಅಳಿಸಿಹೋದ ನಿನ್ನೆ.

ಮುಂದಿನ ಹಂತದಲ್ಲಿ ಆಯ್ಕೆಯೂ ಓದುಗನ ಕೈತಪ್ಪಿತು. 2005ರಲ್ಲಿ ಬಂದ ಗೂಗಲ್ ರೀಡರ್ ಹಲವು ತಾಣಗಳ ಹೊಸ ಬರಹಗಳನ್ನು ಒಂದೆಡೆ ಓದಲು ಅನುಕೂಲ ಮಾಡಿಕೊಟ್ಟಿತ್ತು. 2013ರ ಜುಲೈ 1ರಂದು ಅದು ನಿಂತುಹೋಯಿತು. ವರ್ಡ್‌ಪ್ರೆಸ್ 2012ರ ಡಿಸೆಂಬರ್‌ನಲ್ಲಿ ಬಂದ ತನ್ನ ಆವೃತ್ತಿಯಿಂದ ಹೊಸ ತಾಣಗಳಲ್ಲಿ ಕೊಂಡಿಗಳ ಪಟ್ಟಿ ಮಾಡುವ ಸೌಲಭ್ಯವನ್ನು ಮರೆಗೆ ಸರಿಸಿತು. ಓದುಗರು ಫೇಸ್‌ಬುಕ್‌ನಂತಹ ಜಾಲಗಳಿಗೆ ಸರಿದರು. ಅಲ್ಲಿ ಯಾವುದು ಯಾರ ಕಣ್ಣಿಗೆ ಬೀಳಬೇಕೆಂಬುದನ್ನು ಬಹುಮಟ್ಟಿಗೆ ಯಂತ್ರದ ಲೆಕ್ಕಾಚಾರ ನಿರ್ಧರಿಸುತ್ತದೆ. ‘ಇದನ್ನು ಓದಿ’ ಎಂದು ಹೇಳಿದ ಓದುಗನ ಹೆಸರು ಅಲ್ಲಿ ಉಳಿದರೂ ಆ ಮಾತು ಮರುದಿನವೇ ಕೆಳಗೆ ಹೂತುಹೋಗುತ್ತದೆ.

ಈ ವಾದಕ್ಕೆ ಕೆಲವು ಆಕ್ಷೇಪಗಳು ಏಳಬಹುದು. ಪಕ್ಕದ ಪಟ್ಟಿಗಳು ಸಾಹಿತ್ಯವಿವೇಕದಿಂದ ಹುಟ್ಟಿದವುಗಳಲ್ಲ, ಅವು ಕೇವಲ ಸ್ನೇಹದ ಕೊಡುಕೊಳೆ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ. ‘ನಿಮ್ಮ ಹೆಸರನ್ನು ಹಾಕಿದ್ದೇನೆ, ನನ್ನದನ್ನೂ ಹಾಕಿ’ ಎಂಬ ಒಡಂಬಡಿಕೆಗಳು ನಡೆದಿವೆ. ಆದರೆ ಮುನ್ನುಡಿ, ಬೆನ್ನುಡಿಗಳೂ ಈ ದೋಷಕ್ಕೆ ಹೊರತಲ್ಲ. ಹಾಗೆಂದು ಸಂಶೋಧಕರು ಅವುಗಳನ್ನು ಆಕರವಲ್ಲವೆಂದು ತಳ್ಳಿಹಾಕಿಲ್ಲ. ಸ್ನೇಹದ ಜಾಲವೂ ಸಾಹಿತ್ಯಚರಿತ್ರೆಯ ಒಂದು ಸಂಗತಿ. ಪಟ್ಟಿಯನ್ನು ಗುಣಮಟ್ಟದ ಪ್ರಮಾಣಪತ್ರವೆಂದು ಓದಿದರೆ ಮಾತ್ರ ತಪ್ಪಾಗುತ್ತದೆ.

ಎರಡನೆಯದು, ಈ ಪಟ್ಟಿಗಳು ಅಂತರಜಾಲದ ಸೌಲಭ್ಯವಿದ್ದ ಸಣ್ಣ ವರ್ಗದ ಅಭಿರುಚಿಯನ್ನು ಮಾತ್ರ ತೋರಿಸುತ್ತವೆ ಎಂಬುದು. ಇದೂ ನಿಜ. ಕವಿರಾಜಮಾರ್ಗಕಾರನ ಪಟ್ಟಿಯೂ ಕನ್ನಡದ ಎಲ್ಲ ಅಭಿವ್ಯಕ್ತಿಯ ಪಟ್ಟಿಯಾಗಿರಲಿಲ್ಲ. ಜನಪದ ಹಾಡುಗಾರರ ಹೆಸರುಗಳು ಅಲ್ಲಿಲ್ಲ. ಪಟ್ಟಿಯಲ್ಲಿ ಇರುವವರಷ್ಟೇ ಇಲ್ಲದವರೂ ಅಧ್ಯಯನದ ವಿಷಯವಾಗಬೇಕು. ಆದರೆ ಇಲ್ಲದವರು ಯಾರೆಂದು ಕೇಳಬೇಕಾದರೂ ಮೊದಲು ಪಟ್ಟಿ ಕೈಯಲ್ಲಿರಬೇಕು.

ಮೂರನೆಯ ಆಕ್ಷೇಪ, ಇಂಟರ್ನೆಟ್ ಆರ್ಕೈವ್‌ನಂತಹ ಸಂಸ್ಥೆ ಈ ಕೆಲಸವನ್ನು ಮಾಡುತ್ತಿದೆಯಲ್ಲ ಎಂಬುದು. 1996ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ ಹಳೆಯ ಜಾಲಪುಟಗಳನ್ನು 2001ರಿಂದ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಅದರ ಉಪಕಾರ ದೊಡ್ಡದು. ಆದರೆ ಅದು ಎಲ್ಲ ಪುಟಗಳನ್ನೂ ಎಲ್ಲ ದಿನಗಳಲ್ಲೂ ಉಳಿಸುವುದಿಲ್ಲ. ಪುಟ ತೆರೆದಾಗ ಮಾತ್ರ ಬೇರೆ ಕಡೆಯಿಂದ ಬಂದು ತುಂಬಿಕೊಳ್ಳುವ ಭಾಗಗಳು ಅದರಲ್ಲಿ ಯಾವಾಗಲೂ ಸರಿಯಾಗಿ ಸೆರೆಯಾಗುವುದಿಲ್ಲ. ಉಳಿಸಿದ ಪುಟವನ್ನು ಹುಡುಕಲು ಮೂಲದ ವಿಳಾಸ ತಿಳಿದಿರುವುದು ಬಹುಪಾಲು ಅಗತ್ಯ. ಅಳಿದುಹೋದ ಬ್ಲಾಗಿನ ವಿಳಾಸ ಸಂಶೋಧಕನಿಗೆ ಎಲ್ಲಿ ಸಿಗಬೇಕು? ಮತ್ತೊಬ್ಬರ ಪಕ್ಕದ ಪಟ್ಟಿಯಲ್ಲಿಯೇ. ಪುಟಗಳನ್ನು ಉಳಿಸುವ ಸಂಸ್ಥೆಗೂ ಪಟ್ಟಿಯೇ ಕೀಲಿಕೈ.

ಹೀಗಿರುವಾಗ ಕನ್ನಡ ವಿಭಾಗಗಳು ಮಾಡಬಹುದಾದ ಎರಡು ಕೆಲಸಗಳಿವೆ. ಮೊದಲನೆಯದು ಸಂಗ್ರಹ. 2000ದ ದಶಕದ ಕನ್ನಡ ಬ್ಲಾಗ್‌ಗಳಲ್ಲಿ ಇನ್ನೂ ತೆರೆದುಕೊಳ್ಳುವವು ಇವೆ. ಅವುಗಳ ಪಕ್ಕದ ಪಟ್ಟಿಗಳನ್ನು, ನೋಡಿದ ದಿನಾಂಕದೊಡನೆ, ಹೆಸರು ಮತ್ತು ವಿಳಾಸ ಸಹಿತ ಬರೆದಿಡಬೇಕು. ಸತ್ತ ಕೊಂಡಿಯನ್ನೂ ಬಿಡಬಾರದು. ಅದು ಅಲ್ಲಿ ಒಂದು ಬರಹವಿತ್ತೆಂಬುದಕ್ಕೆ ಸಾಕ್ಷಿ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳ ರೂಪದಲ್ಲಿಯೇ ಇದನ್ನು ಆರಂಭಿಸಬಹುದು. ಹಸ್ತಪ್ರತಿ ಸೂಚಿಗಳನ್ನು ತಯಾರಿಸಿ ಅನುಭವವಿರುವ ವಿಭಾಗಗಳಿಗೆ ಇದರ ಕ್ರಮ ಅಪರಿಚಿತವೂ ಅಲ್ಲ.

ಎರಡನೆಯದು ಹೊಸ ಪಟ್ಟಿಗಳ ರಚನೆ. ಅಧ್ಯಾಪಕರು, ಸಂಶೋಧಕರು ಸ್ವಂತ ಜಾಲತಾಣ ಮಾಡಿಕೊಂಡಾಗ ಅಲ್ಲಿ ಸಾಮಾನ್ಯವಾಗಿ ಇರುವುದು ತಮ್ಮ ಪ್ರಕಟಣೆಗಳ ಪಟ್ಟಿ. ತಾವು ಓದುವ ಇತರರ ಬರಹಗಳ ಪಟ್ಟಿಗೂ ಅಲ್ಲಿ ಸ್ಥಳವಿರಬೇಕು. ಅದು ತಾನಾಗಿ ನವೀಕರಣಗೊಳ್ಳುವ ಪಟ್ಟಿಯಾದರೂ ಅಡ್ಡಿಯಿಲ್ಲ. ಹೊಸ ಬರಹದ ಸುದ್ದಿ ಓದುಗನಿಗೆ ಬೇಕು. ಆದರೆ ಪ್ರತಿ ಹೆಸರಿನ ಮುಂದೆ ಅದನ್ನು ಏಕೆ ಓದಬೇಕೆಂಬ ಒಂದೆರಡು ವಾಕ್ಯ, ಸೇರಿಸಿದ ತಿಂಗಳು ಮತ್ತು ವರ್ಷ, ವಿಶೇಷವಾದ ಒಂದು ಬರಹದ ಶೀರ್ಷಿಕೆ ಇರಬೇಕು. ಒಬ್ಬರ ಹೆಸರನ್ನು ತೆಗೆದುಹಾಕುವಾಗ ಅಳಿಸದೆ, ‘ಇಂತಹ ವರ್ಷದವರೆಗೆ’ ಎಂದು ಗುರುತಿಸಿ ಉಳಿಸಬೇಕು. ವರ್ಷಕ್ಕೊಮ್ಮೆ ಆ ಪುಟವನ್ನು ಮುದ್ರಿಸಿ ವಿಭಾಗದ ಗ್ರಂಥಾಲಯದಲ್ಲಿ ಇರಿಸಿದರೆ ಅದು ತಾಣದ ಆಯುಸ್ಸನ್ನು ಮೀರಿ ಬದುಕುತ್ತದೆ.

ಇದು ಅಸಾಧ್ಯವಾದ ಆದರ್ಶವಲ್ಲ. ಬ್ರಿಟನ್ನಿನ ಫಿಲ್ ಗೈಫರ್ಡ್ 2022ರಲ್ಲಿ ಆರಂಭಿಸಿದ ‘ಊ ಡೈರೆಕ್ಟರಿ’ ಎಂಬ ಸೂಚಿಯಲ್ಲಿ ಬ್ಲಾಗ್‌ಗಳನ್ನು ವಿಷಯಾನುಸಾರ ವಿಂಗಡಿಸಿ, ಪ್ರತಿಯೊಂದಕ್ಕೂ ಚಿಕ್ಕ ವಿವರಣೆಯನ್ನೂ ಇತ್ತೀಚಿನ ಬರಹದ ಸೂಚನೆಯನ್ನೂ ಒಟ್ಟಿಗೆ ಕೊಡಲಾಗಿದೆ. ಆಯ್ಕೆಯ ವಿವೇಕ ಮತ್ತು ಹೊಸತಿನ ಸುದ್ದಿ ಪರಸ್ಪರ ವಿರೋಧಿಗಳಾಗಬೇಕಿಲ್ಲವೆಂಬುದಕ್ಕೆ ಇದು ನಿದರ್ಶನ. ಕನ್ನಡಕ್ಕೆ ಇಂತಹದೊಂದು ಬೇಕಾದರೆ ಅದರ ಹೊಣೆ ಹೊರಲು ಸಾಹಿತ್ಯದ ಅಭ್ಯಾಸಿಗಳಿಗಿಂತ ತಕ್ಕವರು ಬೇರೆ ಇರಲಾರರು.

ಜಯಬಂಧು ಎಂಬ ಗದ್ಯಕಾರ ಏನು ಬರೆದನೆಂಬುದು ಇಂದು ತಿಳಿಯದು. ಅವನ ಹೆಸರಿನ ಪಕ್ಕದಲ್ಲಿ ಒಂದು ಕೃತಿಯ ಹೆಸರಿದ್ದಿದ್ದರೆ ಕನ್ನಡ ಗದ್ಯದ ಚರಿತ್ರೆಯ ಮೊದಲ ಪುಟ ಬೇರೆಯಾಗಿರುತ್ತಿತ್ತು. ಓಲೆಯ ಮೇಲೆ ಕೊರೆಯುವ ಕಾಲದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಶ್ರಮ ಬೇಕಿತ್ತು. ಆ ಮಿತವ್ಯಯಕ್ಕೆ ಕಾರಣವಿತ್ತು. ಇಂದು ಒಂದು ವಾಕ್ಯವನ್ನು ಹೆಚ್ಚಾಗಿ ಬರೆಯಲು ಅಂತಹ ಅಡ್ಡಿಯಿಲ್ಲ. ಮೆಚ್ಚಿ ಓದಿದವರು ಏಕೆ ಮೆಚ್ಚಿದರೆಂದು ಒಂದು ಮಾತು ಬರೆದಿಟ್ಟರೆ ಮುಂದಿನ ಚರಿತ್ರಕಾರನಿಗೆ ಅದು ದೊಡ್ಡ ಉಪಕಾರ.