ಹಳೆಯ ಟಿ.ವಿ.ಯ ನಿಜವಾದ ಬೆಲೆ

ಈಚೆಗೆ ನಮ್ಮೂರಿಗೆ ಪೇಟೆಯಿಂದ ಟೆಂಪೊ ಒಂದು ಬಂದಿತ್ತು. ಅದರ ತುಂಬ ಪಿಕ್ಚರ್ ಟ್ಯೂಬಿನ ಹಳೆಯ ಟಿ.ವಿ.ಗಳು. ಒಂದಕ್ಕೆ 800 ರೂಪಾಯಿ. ‘ಇಷ್ಟು ಕೊಡಬಹುದೇ?’ ಎಂದು ನೆರೆಮನೆಯವರು ನನ್ನನ್ನು ಕೇಳಿದರು.

ಹಸು ಕೊಳ್ಳುವಾಗ ನಾವು ಹಲ್ಲು ಎಣಿಸುತ್ತೇವೆ, ಮೇವಿನ ಖರ್ಚು ಲೆಕ್ಕ ಹಾಕುತ್ತೇವೆ. ಟಿ.ವಿ.ಗೂ ಅದೇ ವಿವೇಕ ಬೇಕು.

ಮೊದಲು ಹಲ್ಲು. ಅರ್ಧ ಗಂಟೆಯಾದರೂ ಹಚ್ಚಿಟ್ಟು ನೋಡಬೇಕು. ಚಿತ್ರ ಮಸುಕಾಗಿದ್ದರೆ ಟ್ಯೂಬು ಸವೆದಿರುವ ಸಂಭವವೇ ಹೆಚ್ಚು. ದೂರದರ್ಶನದ ಅನಲಾಗ್ ಭೂಪ್ರಸಾರ ಬಹುಪಾಲು ನಿಂತುಹೋಗಿದೆ. ಮಾಡಿನ ಮೇಲಿನ ಹಳೆಯ ಆಂಟೆನಾ ಈಗ ಕಾಗೆ ಕೂರುವುದಕ್ಕಷ್ಟೇ. ಡಿಶ್ಶು, ಸೆಟ್ ಟಾಪ್ ಬಾಕ್ಸು ಕೊಂಡರೆ ಆ ಖರ್ಚು ಟಿ.ವಿ.ಯ ಬೆಲೆಯನ್ನೇ ಮೀರೀತು.

ಎರಡನೆಯದು ಮೇವು. 21 ಇಂಚಿನ ಹಳೆಯ ಟಿ.ವಿ. 80 ವ್ಯಾಟ್ ಎಳೆಯುವಲ್ಲಿ ಅದೇ ಅಳತೆಯ ಎಲ್‌ಇಡಿ ಟಿ.ವಿ.ಗೆ 30 ವ್ಯಾಟ್ ಸಾಕೆನ್ನೋಣ. ದಿನಕ್ಕೆ 5 ಗಂಟೆ ನೋಡಿದರೆ ವರ್ಷಕ್ಕೆ ಸುಮಾರು 90 ಯೂನಿಟ್ ಹೆಚ್ಚು ಖರ್ಚು. ‘ಗೃಹಜ್ಯೋತಿ ಇದೆಯಲ್ಲ’ ಎನ್ನುವವರು 1964ರ ಲಿಂಗನಮಕ್ಕಿಯನ್ನು ನೆನೆಯಲಿ. ಆ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ್ದು ಶರಾವತಿ ಕಣಿವೆಯ ಊರುಗಳು. ಮಲೆನಾಡಿಗೆ ಬಿಟ್ಟಿ ವಿದ್ಯುತ್ತು ಎಂಬುದಿಲ್ಲ.

ಮೂರನೆಯದು ಸಾವು. ಇದರ ಲೆಕ್ಕವನ್ನು ಯಾವ ವ್ಯಾಪಾರಿಯೂ ಹೇಳುವುದಿಲ್ಲ. ಎಕ್ಸ್-ಕಿರಣವನ್ನು ತಡೆಯಲೆಂದು ಟ್ಯೂಬಿನ ಗಾಜಿಗೆ ಸೀಸ ಬೆರೆಸಿರುತ್ತಾರೆ. ದೊಡ್ಡ ಟ್ಯೂಬಿನಲ್ಲಿ ಅದು ಒಂದು ಕಿಲೋ ಮೀರಬಹುದು. ಟಿ.ವಿ. ಇಡಿಯಾಗಿರುವವರೆಗೆ ಆ ಸೀಸ ಗಾಜಿನೊಳಗೆ ಬಂದಿ. ಕೆಟ್ಟ ಮೇಲೆ ಗುಜರಿಯವನು ತಾಮ್ರದ ಸುರುಳಿ ಕಿತ್ತುಕೊಂಡು, ಗಾಜನ್ನು ಹಳ್ಳಕ್ಕೆ ಎಸೆದು ಹೋಗುತ್ತಾನೆ. ನಮ್ಮದು ಮಳೆಗೆ ತೊಳೆದು ಹುಳಿಯಾದ ಮಣ್ಣು. ಹುಳಿ ಮಣ್ಣಿನಲ್ಲಿ ಸೀಸ ಹೆಚ್ಚು ಸುಲಭವಾಗಿ ಕರಗುತ್ತದೆ. ಮಕ್ಕಳ ಮಿದುಳಿಗೆ ಸುರಕ್ಷಿತವೆನ್ನಬಹುದಾದ ಸೀಸದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಕಾನೂನು ಇಲ್ಲವೆಂದಲ್ಲ. ಇ-ತ್ಯಾಜ್ಯ ನಿಯಮಗಳು 2012ರಲ್ಲೇ ಜಾರಿಗೆ ಬಂದವು. 2023ರ ಏಪ್ರಿಲ್‌ನಿಂದ ಹೊಸ ನಿಯಮಗಳಿವೆ. ಮರುಬಳಕೆಯ ಹೊಣೆ ತಯಾರಕರದೆಂದು ಅವು ಹೇಳುತ್ತವೆ. ಆದರೆ ಮಾರುವ ಗಾಡಿ ನಮ್ಮ ಘಟ್ಟ ಹತ್ತುತ್ತದೆ, ಮರಳಿ ಒಯ್ಯುವ ಗಾಡಿಯನ್ನು ನಾವು ಕಂಡಿಲ್ಲ. ಪೇಟೆಯವರು ಹಳೆಯ ಟಿ.ವಿ.ಯನ್ನು ಅಂಗನವಾಡಿಗೆ ‘ದಾನ’ ಕೊಟ್ಟು ಹಾರ ಹಾಕಿಸಿಕೊಳ್ಳುವುದೂ ಇದೇ ವ್ಯಾಪಾರದ ಇನ್ನೊಂದು ಮುಖ. ಅವರ ಮನೆ ಸ್ವಚ್ಛವಾಯಿತು, ನಮ್ಮ ಹಳ್ಳ?

‘ವಸ್ತುವಿನ ಮರುಬಳಕೆ ಪರಿಸರವಾದಿಗಳದೇ ಪಾಠವಲ್ಲವೇ? ಬಡವರು ಟಿ.ವಿ. ನೋಡಬಾರದೇ?’ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ನೋಡಲಿ. ನಡೆಯುವ ಟಿ.ವಿ.ಯನ್ನು ಒಡೆಯುವುದಕ್ಕಿಂತ ಬಳಸುವುದೇ ಲೇಸು. ಆದರೆ ಅದರ ಸಾವಿನ ಖರ್ಚನ್ನು ಬಡವನ ತಲೆಗೆ ಕಟ್ಟುವುದು ಯಾವ ನ್ಯಾಯ? ಆದ್ದರಿಂದ ನನ್ನ ಲೆಕ್ಕ ಇಷ್ಟು: ಕೆಟ್ಟಾಗ ಮರಳಿ ಒಯ್ಯುವೆನೆಂದು ಬರೆದುಕೊಟ್ಟರೆ, ಚೆನ್ನಾಗಿ ನಡೆಯುವ ಟಿ.ವಿ.ಗೆ ಸಾಗಾಟದ ಖರ್ಚಿನಷ್ಟು ಕೊಡಬಹುದು. ಬರೆದುಕೊಡದಿದ್ದರೆ ಪುಕ್ಕಟೆ ಸಿಕ್ಕರೂ ಅದು ದುಬಾರಿ.

ನೆರೆಮನೆಯವರು ಹಾಗೆಯೇ ಕೇಳಿದರು. ವ್ಯಾಪಾರಿ ಉತ್ತರಿಸದೆ ಟೆಂಪೊ ಹತ್ತಿದ.

ವಿದ್ಯಾರ್ಥಿ ಮಿತ್ರರೇ, ನಿಮ್ಮೂರಿನ ಅಟ್ಟಗಳ ಮೇಲೆ ಸತ್ತು ಬಿದ್ದಿರುವ ಟಿ.ವಿ.ಗಳೆಷ್ಟೆಂದು ಎಣಿಸಿರಿ. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿರಿ. ಅವನ್ನು ಒಯ್ಯುವ ಗಾಡಿ ಎಂದು ಬರುತ್ತದೆಂದು ಕೇಳಿರಿ. ಉತ್ತರ ಬರುವವರೆಗೆ ಒಂದು ಟ್ಯೂಬೂ ಹಳ್ಳ ಸೇರದಿರಲಿ.