ಮೆಟ್ಟಿಲುಗಳ ನಡುವಿನ ನಾದ

ತದಡಿಯ ಧಕ್ಕೆಯಲ್ಲಿ ತಾರಿಗಾಗಿ ಕಾಯುವ ಜನರಿಗೆ ಗಿಟಾರು ಹೊಸ ನೋಟವಲ್ಲ. ಗೋಕರ್ಣದ ಕುಡ್ಲೆ, ಓಂ ಕಡಲತೀರಗಳಲ್ಲಿ ಬಿಡಾರ ಮಾಡಿದ ಪರದೇಶದ ಯಾತ್ರಿಕರು ಬೆನ್ನಿಗೆ ಗಂಟು, ಹೆಗಲಿಗೆ ಗಿಟಾರು ತೂಗಿಸಿಕೊಂಡು ಬಂದು ಅಘನಾಶಿನಿಯನ್ನು ದಾಟಿ ಹೋಗುವುದನ್ನು ಮೀನಿನ ಬುಟ್ಟಿಯ ಹೆಂಗಸರು ಎಷ್ಟೋ ವರ್ಷಗಳಿಂದ ನೋಡುತ್ತ ಬಂದಿದ್ದಾರೆ. ಆದರೆ ಅದೇ ವಾದ್ಯವು ಊರಿನ ಒಂದು ಮನೆಯೊಳಗೆ ಕಾಲಿಟ್ಟು, ಕುಮಟೆಯ ಕಾಲೇಜಿಗೆ ಹೋಗುವ ಮೊಮ್ಮಗನು ಪುಸ್ತಕವನ್ನು ಬದಿಗೆ ಸರಿಸಿ ಅದನ್ನು ಮೀಟತೊಡಗಿದಾಗ ಮಾತು ಬೇರೆಯಾಯಿತು. ಜಗಲಿಯಲ್ಲಿ ಕುಳಿತ ಅಜ್ಜನು ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಕೇಳಿದನು: “ಅಲ್ಲ ತಮ್ಮಾ, ಇದರಲ್ಲಿ ದೊಡ್ಡವರು ಅಂತ ಯಾರಾದರೂ ಇದ್ದಾರೋ? ಇದ್ದರೆ ಅವರು ಯಾತಕ್ಕೆ ದೊಡ್ಡವರು?”

ಮೊದಲ ಪ್ರಶ್ನೆಗೆ ಮೊಮ್ಮಗನ ನಾಲಗೆಯ ತುದಿಯಲ್ಲಿಯೇ ಉತ್ತರವಿತ್ತು. ಗಿಲ್ಮೋರ್, ಫ್ರಿಪ್, ಹೌ, ಹ್ಯಾಕೆಟ್, ಮೆಕ್‌ಲಾಫ್ಲಿನ್ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟನು. ಎರಡನೆಯ ಪ್ರಶ್ನೆಗೆ ಮಾತ್ರ ಅವನ ಬಾಯಿ ಕಟ್ಟಿತು. “ಎಷ್ಟು ವೇಗ ಅಂತ ಕೇಳು ಅಜ್ಜಾ!” ಎಂದನು. ವೇಗವೇ ಹಿರಿಮೆಯ ಗುರುತಾದರೆ ಘಟ್ಟ ಇಳಿಸುವ ಬಸ್ಸಿನ ಚಾಲಕರೆಲ್ಲರೂ ಸಂಗೀತ ವಿದ್ವಾಂಸರಾಗಬೇಕಾಗಿತ್ತು. ಹೊನ್ನಾವರ, ಕುಮಟೆಗಳ ಬಯಲಾಟಗಳಲ್ಲಿ ಮದ್ದಲೆ ಕೇಳಿ ಬೆಳೆದ ಕಿವಿಗೆ ಇಂಥ ಉತ್ತರ ಸಾಲದು. ಅಜ್ಜನ ಪ್ರಶ್ನೆ ನ್ಯಾಯವಾದುದು. ಅದಕ್ಕೆ ನ್ಯಾಯವಾದ ಉತ್ತರವೂ ಉಂಟು.

ಮೊಮ್ಮಗನು ಮೆಚ್ಚಿದ ಈ ವಾದಕರೆಲ್ಲರನ್ನೂ ‘ಪ್ರೊಗ್ರೆಸಿವ್ ರಾಕ್’ ಎಂಬ ಪಂಥಕ್ಕೆ ಸೇರಿಸುವುದು ವಾಡಿಕೆ. ಕನ್ನಡದಲ್ಲಿ ಪ್ರಗತಿಶೀಲ ಎಂದೊಡನೆ ಅ. ನ. ಕೃ. ಅವರ ನೆನಪಾಗುವುದು ಸಹಜ. ‘ಸಂಧ್ಯಾರಾಗ’ದಂಥ ಕಾದಂಬರಿ ಬರೆದ ಆ ಸಂಗೀತಪ್ರೇಮಿಗೆ ಇದು ರುಚಿಸುತ್ತಿತ್ತೋ ಇಲ್ಲವೋ, ಆ ಪ್ರಗತಿಗೂ ಈ ಪ್ರಗತಿಗೂ ನಂಟಿಲ್ಲ. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ತರುಣರಿಗೆ ಮೂರು ನಿಮಿಷದ ಕುಣಿತದ ಹಾಡು ಸಾಕಾಗಿ ಹೋಯಿತು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಿಂದ, ಜಾಝ್‌ನಿಂದ, ಜಾನಪದದಿಂದ ಬೇಕಾದುದನ್ನು ತೆಗೆದುಕೊಂಡು ದೀರ್ಘವಾದ ಕೃತಿಗಳನ್ನು ಕಟ್ಟಿದರು. ‘ಯೆಸ್’ ಎಂಬ ತಂಡದವರು 1972ರಲ್ಲಿ ಹೊರತಂದ ‘ಕ್ಲೋಸ್ ಟು ದಿ ಎಡ್ಜ್’ ಎಂಬ ಒಂದೇ ಕೃತಿ ಧ್ವನಿಮುದ್ರಿಕೆಯ ಒಂದು ಇಡೀ ಮಗ್ಗುಲನ್ನು ತುಂಬುತ್ತದೆ; ಹದಿನೆಂಟು ನಿಮಿಷಗಳಿಗೂ ಮಿಕ್ಕಿದ ಕಾಲ. ರಾಗ, ತಾನ, ಪಲ್ಲವಿಗೆ ಕುಳಿತು ಅಭ್ಯಾಸವಿದ್ದವರಿಗೆ ಇದೇನು ದೊಡ್ಡ ಮಾತಲ್ಲ. ರಾಕ್ ಸಂಗೀತದಲ್ಲಿ ಮಾತ್ರ ಅದು ಸಾಹಸವೇ ಆಗಿತ್ತು.

ಇನ್ನು ವಾದ್ಯದ ಮಾತು. ವೀಣೆಯಲ್ಲಿ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಮೇಣದ ಮೇಲೆ ಎತ್ತರಿಸಿ ಕೂರಿಸಿರುತ್ತಾರೆ. ವೈಣಿಕನು ತಂತಿಯನ್ನು ಮೆಟ್ಟಿಲಿನ ಮೇಲೆಯೇ ಅಡ್ಡಲಾಗಿ ಎಳೆದು, ಒಂದು ಸ್ವರಸ್ಥಾನದಿಂದ ಇನ್ನೊಂದಕ್ಕೆ ಜಾರಿ, ಗಮಕವನ್ನು ಹೊರಡಿಸುತ್ತಾನೆ. ಗಿಟಾರಿನ ಮೆಟ್ಟಿಲುಗಳಾದರೋ ಮರದಲ್ಲಿ ಹುದುಗಿಸಿದ ಲೋಹದ ಸಣ್ಣ ಗೆರೆಗಳು. ತಂತಿಯ ಕೆಳಗೇ ಹಲಗೆ. ಒತ್ತಿದಲ್ಲಿ ಒಂದು ಸ್ವರ ನುಡಿಯುತ್ತದೆ, ಪಕ್ಕದಲ್ಲಿ ಒತ್ತಿದರೆ ಇನ್ನೊಂದು. ನಡುವೆ ಗೋಡೆ ಎದ್ದಂತೆ. ಹಾರ್ಮೋನಿಯಂಗೆ ನಮ್ಮ ಹಿರಿಯರು ಹಾಕಿದ ಆಕ್ಷೇಪಣೆಯೂ ಇದೇ ಅಲ್ಲವೆ? ಈ ಗೋಡೆಯನ್ನು ಯಾರು ಹೇಗೆ ದಾಟಿದರು ಎಂದು ಕೇಳಿಕೊಂಡರೆ ಗಿಟಾರುಗಾರರ ಹಿರಿಮೆ ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

ಡೇವಿಡ್ ಗಿಲ್ಮೋರನು ದಾಟಿದುದು ತಂತಿಯನ್ನು ಎಳೆದು. ‘ಪಿಂಕ್ ಫ್ಲಾಯ್ಡ್’ ತಂಡದ ಈ ವಾದಕನು ವೇಗಕ್ಕೆ ಹೆಸರಾದವನೇ ಅಲ್ಲ. ಒಂದು ಸ್ವರವನ್ನು ಮೀಟಿ, ಎಡಗೈಯ ಬೆರಳುಗಳಿಂದ ತಂತಿಯನ್ನು ಅಡ್ಡಕ್ಕೆ ತಳ್ಳಿ, ಮೇಲಿನ ಸ್ವರವನ್ನು ಮುಟ್ಟಿಸಿ, ಅಲ್ಲಿ ಸ್ವಲ್ಪ ನಡುಗಿಸಿ ನಿಲ್ಲಿಸುತ್ತಾನೆ. ಅನಂತರ ಮೌನ. ಆ ಮೌನದಲ್ಲಿ ಹಿಂದಿನ ಸ್ವರವು ಕೇಳುಗನ ಮನಸ್ಸಿನಲ್ಲಿ ಇನ್ನೂ ನುಡಿಯುತ್ತಿರುತ್ತದೆ. 1979ರ ‘ಕಂಫರ್ಟಬ್ಲಿ ನಂಬ್’ ಎಂಬ ಹಾಡಿನಲ್ಲಿ ಅವನ ವಾದನ ಎರಡು ಸಲ ಬರುತ್ತದೆ. ಎರಡನೆಯದನ್ನು ಕೇಳಿದವರು ಹಾಡಿನ ಮಾತುಗಳನ್ನು ಮರೆತರೂ ಅದನ್ನು ಮರೆಯಲಾರರು. ಗಿಟಾರನ್ನು ಅಡ್ಡಲಾಗಿ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವುದರಲ್ಲಿಯೂ ಅವನು ನಿಪುಣ. ಅದೇ ಜಾರುವಿಕೆಯಿಂದ ಪಂಡಿತ ಬ್ರಿಜ್‌ಭೂಷಣ ಕಾಬ್ರಾ ಅವರು ಗಿಟಾರಿನಲ್ಲಿ ಹಿಂದುಸ್ತಾನಿ ರಾಗಗಳನ್ನು ನುಡಿಸಿದರು. ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಅವರೊಡನೆ 1967ರಲ್ಲಿ ಅವರು ಮಾಡಿದ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆ ಅನೇಕ ಮನೆಗಳಲ್ಲಿ ಇಂದಿಗೂ ಉಂಟು.

ಗಿಲ್ಮೋರನ ನಾಲ್ಕು ಸ್ವರಗಳ ಕಥೆಯೊಂದನ್ನು ಇಲ್ಲಿ ಹೇಳಲೇಬೇಕು. ಪಿಂಕ್ ಫ್ಲಾಯ್ಡ್ ತಂಡದ ಮೊದಲ ಗಿಟಾರುಗಾರ, ಗಾಯಕ, ಕವಿ ಎಲ್ಲವೂ ಸಿಡ್ ಬ್ಯಾರೆಟ್. ಕೇಂಬ್ರಿಜ್‌ನಲ್ಲಿ ಗಿಲ್ಮೋರನ ಹರೆಯದ ಗೆಳೆಯ. ಬ್ಯಾರೆಟ್ಟನ ಚಿತ್ತಸ್ವಾಸ್ಥ್ಯ ಕೆಟ್ಟು ಅವನಿಂದ ನುಡಿಸುವುದು ಆಗದಂತಾದಾಗ ಆ ಜಾಗಕ್ಕೆ ಬಂದವನೇ ಗಿಲ್ಮೋರ್. 1968ರಲ್ಲಿ ಬ್ಯಾರೆಟ್ ಹೊರಬಿದ್ದನು. ಏಳು ವರ್ಷಗಳ ಮೇಲೆ, ಅವನ ನೆನಪಿಗೆಂದೇ ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಎಂಬ ದೀರ್ಘ ಕೃತಿ ಸಿದ್ಧವಾಯಿತು. ಅದು ಹುಟ್ಟಿದುದು ಗಿಲ್ಮೋರನ ಬೆರಳಿಗೆ ಸಿಕ್ಕ ನಾಲ್ಕೇ ಸ್ವರಗಳಿಂದ. 1975ರ ಜೂನ್ ತಿಂಗಳಲ್ಲಿ ಲಂಡನ್ನಿನ ಆಬೆ ರೋಡ್ ಸ್ಟುಡಿಯೋದಲ್ಲಿ ಅದರ ಕೆಲಸ ನಡೆಯುತ್ತಿದ್ದಾಗ ತಲೆ, ಹುಬ್ಬು ಬೋಳಿಸಿಕೊಂಡ ಸ್ಥೂಲಕಾಯದ ಮನುಷ್ಯನೊಬ್ಬ ಒಳಗೆ ಬಂದು ನಿಂತನು. ಯಾರೆಂದು ತಂಡದವರಿಗೆ ಬಹಳ ಹೊತ್ತು ಗುರುತು ಹತ್ತಲಿಲ್ಲ. ಅವನೇ ಬ್ಯಾರೆಟ್! ಗುರುತು ಹತ್ತಿದ ಮೇಲೆ ಕೆಲವರ ಕಣ್ಣಲ್ಲಿ ನೀರು ಬಂದಿತಂತೆ. ಇದನ್ನು ತಿಳಿದು ಆ ನಾಲ್ಕು ಸ್ವರಗಳನ್ನು ಕೇಳಿದರೆ, ಕರೆದರೂ ಓಗೊಡದವನನ್ನು ಮತ್ತೆ ಮತ್ತೆ ಕರೆದಂತೆ ತೋರುತ್ತದೆ. ಬೆರಳಿನ ಚಳಕವನ್ನು ಯಾರಾದರೂ ಅಭ್ಯಾಸದಿಂದ ಕಲಿತಾರು. ಎಷ್ಟು ನುಡಿಸಿದರೆ ಸಾಕು ಎಂಬ ವಿವೇಕ ಬರುವುದು ಕಷ್ಟ.

2002ರಲ್ಲಿ ಅದೇ ತಂಡದ ಹಳೆಯ ಸದಸ್ಯ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದನು. ಗಿಲ್ಮೋರ್ ಜೊತೆಗಿರಲಿಲ್ಲ; ಅವನ ಪಾಲನ್ನು ಬೇರೆ ವಾದಕರು ನುಡಿಸಿದರು. ಒಬ್ಬನ ಮನೋಧರ್ಮದಿಂದ ಹುಟ್ಟಿದ ವಾದನ ಹೀಗೆ ಕೃತಿಯಂತೆ ನೆಲೆನಿಂತು ಇನ್ನೊಬ್ಬರ ಕೈಗೆ ಸಾಗಿತೆಂದರೆ ಅದರ ಬೆಲೆಗೆ ಬೇರೆ ಸಾಕ್ಷಿ ಬೇಡ. ಹಣದ ಲೆಕ್ಕವೇ ಬೇಕೆನ್ನುವವರಿಗೆ ಅದೂ ಇದೆ: ಗಿಲ್ಮೋರನ ಕಪ್ಪು ಗಿಟಾರು 2019ರ ಹರಾಜಿನಲ್ಲಿ ಸುಮಾರು ನಲವತ್ತು ಲಕ್ಷ ಡಾಲರಿಗೆ ಹೋಯಿತು, ಆ ಹಣವನ್ನು ಅವನು ಭೂಮಿಯ ಪರಿಸರದ ಪರವಾಗಿ ಹೋರಾಡುವ ಸಂಸ್ಥೆಯೊಂದಕ್ಕೆ ಕೊಟ್ಟುಬಿಟ್ಟನು.

ರಾಬರ್ಟ್ ಫ್ರಿಪ್ಪನ ದಾರಿ ಬೇರೆ. ‘ಕಿಂಗ್ ಕ್ರಿಮ್ಸನ್’ ತಂಡದ ಈ ನಾಯಕನು ರಾಕ್ ಸಂಗೀತದವರ ಕುಣಿದಾಟವನ್ನೆಲ್ಲ ಬಿಟ್ಟು ಸ್ಟೂಲಿನ ಮೇಲೆ ಕುಳಿತು ನುಡಿಸಿದನು. 1969ರ ಮೊದಲ ಧ್ವನಿಮುದ್ರಿಕೆಯಿಂದ ಹಿಡಿದು ತಂಡದ ಸದಸ್ಯರೆಲ್ಲರೂ ಬದಲಾದರು, ಇವನೊಬ್ಬನು ಉಳಿದನು. ಗಿಟಾರಿನ ನಾದ ಮೀಟಿದೊಡನೆ ಕ್ಷೀಣಿಸುತ್ತದೆ, ಪಿಟೀಲಿನಂತೆ ನಿಲ್ಲುವುದಿಲ್ಲ. ಆ ಕೊರತೆಯನ್ನು ನೀಗಿಸುವುದೇ ಅವನ ಹಟ. ಎರಡು ಟೇಪ್ ರೆಕಾರ್ಡರುಗಳನ್ನು ಜೋಡಿಸಿ, ತಾನು ನುಡಿಸಿದುದು ಸುತ್ತಿ ಬಂದು ಮತ್ತೆ ಕೇಳುವಂತೆ ಮಾಡಿ, ಆ ಮಂದ್ರದ ಹಾಸಿನ ಮೇಲೆ ಹೊಸದನ್ನು ನುಡಿಸಿದನು. ತಂಬೂರಿಯ ಶ್ರುತಿಯನ್ನು ತಾನೇ ನೇಯ್ದುಕೊಂಡಂತೆ! ಡೇವಿಡ್ ಬೋವಿಯ ‘ಹೀರೋಸ್’ ಹಾಡಿಗೆ 1977ರಲ್ಲಿ ನುಡಿಸುವಾಗ ಇನ್ನೊಂದು ಉಪಾಯ ಹೂಡಿದನು. ಧ್ವನಿವರ್ಧಕದ ಎದುರು ಗಿಟಾರು ಹಿಡಿದು ನಿಂತರೆ ತಂತಿ ತಾನಾಗಿ ಕಂಪಿಸುತ್ತಲೇ ಇರುತ್ತದಷ್ಟೆ. ಯಾವ ಸ್ವರಕ್ಕೆ ಎಷ್ಟು ದೂರ ನಿಲ್ಲಬೇಕೆಂದು ನೆಲದ ಮೇಲೆ ಪಟ್ಟಿ ಅಂಟಿಸಿ ಗುರುತು ಮಾಡಿ, ಹೆಜ್ಜೆಯಿಂದ ಹೆಜ್ಜೆಗೆ ಸರಿಯುತ್ತ ನುಡಿಸಿದನು. ಕಾಲಿನಿಂದ ಸ್ವರಸ್ಥಾನ ಹಿಡಿದವರು ಲೋಕದಲ್ಲಿ ಹೆಚ್ಚು ಮಂದಿ ಇರಲಾರರು.

‘ಯೆಸ್’ ತಂಡದ ಸ್ಟೀವ್ ಹೌ ಮೀಟಿನ ಚೊಕ್ಕತನಕ್ಕೆ ಹೆಸರಾದವನು. ವೀಣೆಯ ಮೈಸೂರು ಬಾನಿಯನ್ನು, ಶೇಷಣ್ಣನವರ ಪರಂಪರೆಯನ್ನು, ದೊರೆಸ್ವಾಮಿ ಅಯ್ಯಂಗಾರ್ಯರ ಕಚೇರಿಗಳನ್ನು ಬಲ್ಲವರು ಒಂದೊಂದು ಮೀಟೂ ಮುತ್ತಿನಂತೆ ಬಿಡಿಯಾಗಿ ಹೊಳೆಯುವುದನ್ನು ಮೆಚ್ಚುತ್ತಾರೆ. ಹೌನಲ್ಲಿಯೂ ಆ ಗುಣ ಕಾಣುತ್ತದೆ. ಹ್ಯಾಕೆಟ್ಟನು ‘ಜೆನೆಸಿಸ್’ ತಂಡದಲ್ಲಿದ್ದುದು ಆರೇಳು ವರ್ಷ ಮಾತ್ರ. 1973ರ ‘ಫರ್ತ್ ಆಫ್ ಫಿಫ್ತ್’ ಕೃತಿಯಲ್ಲಿ ಅವನು ನುಡಿಸಿದ ದೀರ್ಘ ಭಾಗ ಕಡಲಿನ ಮೇಲೆ ಹಾಯುವ ಹಕ್ಕಿಯ ನೆನಪು ತರುತ್ತದೆ.

ಅಜ್ಜನಿಗೆ ತೀರ ಹತ್ತಿರದವನೆಂದರೆ ಜಾನ್ ಮೆಕ್‌ಲಾಫ್ಲಿನ್. ಅವನನ್ನು ಜಾಝ್‌ನವನೆಂದು ಬೇರೆ ಪಂಕ್ತಿಯಲ್ಲಿ ಕೂರಿಸುವವರೂ ಉಂಟು. ಮೊಮ್ಮಗನ ಪಟ್ಟಿಯಲ್ಲಿ ಅವನಿದ್ದುದೇ ಸರಿ. 1971ರಲ್ಲಿ ‘ಮಹಾವಿಷ್ಣು ಆರ್ಕೆಸ್ಟ್ರಾ’ ಕಟ್ಟಿ ಮಿಂಚಿನ ವೇಗದಲ್ಲಿ ನುಡಿಸಿ ಜಗತ್ತನ್ನು ಬೆರಗುಗೊಳಿಸಿದನು. ಆ ವೇಗವೇ ಸಾಕೆಂದು ಅವನು ಅಲ್ಲಿಯೇ ನಿಲ್ಲಬಹುದಾಗಿತ್ತು. ನಿಲ್ಲಲಿಲ್ಲ. ಖ್ಯಾತಿಯ ನಡುವೆಯೇ ಶಿಷ್ಯನಾಗಿ ಕುಳಿತು, ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಅವರಿಂದ ವೀಣೆಯ ಪಾಠ ಹೇಳಿಸಿಕೊಂಡನು. ಕಲಿತ ಮೇಲೆ ತನ್ನ ಗಿಟಾರು ಸಾಲದೆ ಬಂದಿತು. ಆಗ ಅವನಿಗಾಗಿ ಹೊಸದೊಂದು ಗಿಟಾರು ಸಿದ್ಧವಾಯಿತು. ಅದರಲ್ಲಿ ಮೆಟ್ಟಿಲು ಮೆಟ್ಟಿಲುಗಳ ನಡುವಿನ ಮರವನ್ನು ಕೆತ್ತಿ ಗುಳಿ ಮಾಡಿದ್ದರು. ಬೆರಳಿಗೆ ಹಲಗೆ ತಾಗದೆ ತಂತಿಯನ್ನು ವೀಣೆಯಂತೆ ದೂರಕ್ಕೆ ಎಳೆಯಬಹುದು. ಆರು ತಂತಿಗಳ ಕೆಳಗೆ ಓರೆಯಾಗಿ ಅನುರಣನದ ಏಳು ತಂತಿಗಳು ಬೇರೆ. ಗೋಡೆಯನ್ನು ಹಾರುವುದರ ಬದಲು ಇವನು ಗೋಡೆಯನ್ನೇ ಅಗೆದನು ಎನ್ನಬೇಕು.

ಆ ಗಿಟಾರಿನೊಡನೆ ಎಲ್. ಶಂಕರ್ ಅವರ ಪಿಟೀಲು, ಜಾಕಿರ್ ಹುಸೇನ್ ಅವರ ತಬಲಾ, ವಿನಾಯಕರಾಮ್ ಅವರ ಘಟ ಸೇರಿ 1975ರಲ್ಲಿ ‘ಶಕ್ತಿ’ ತಂಡ ರೂಪುಗೊಂಡಿತು. ವಿದ್ಯುತ್ತಿನ ಅಬ್ಬರಕ್ಕೆ ಮರುಳಾಗಿದ್ದ ಅಭಿಮಾನಿಗಳಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ಅವನು ಜಗ್ಗಲಿಲ್ಲ. ಸುಮಾರು ಅರ್ಧ ಶತಮಾನದ ಅನಂತರ, 2024ರ ಫೆಬ್ರವರಿಯಲ್ಲಿ ‘ಶಕ್ತಿ’ಯ ‘ದಿಸ್ ಮೊಮೆಂಟ್’ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜಾಕಿರ್ ಹುಸೇನ್ ತೀರಿಕೊಂಡರು.

ಬೆಂಗಳೂರಿನಲ್ಲಿ ಈಗ ಈ ಪ್ರಯಾಣ ಎದುರುಮುಖವಾಗಿಯೂ ನಡೆದಿದೆ. 2003ರಲ್ಲಿ ಹುಟ್ಟಿದ ‘ಅಗಂ’ ತಂಡದವರು ತ್ಯಾಗರಾಜರ, ದೀಕ್ಷಿತರ ಕೃತಿಗಳನ್ನು ವಿದ್ಯುತ್ ಗಿಟಾರು, ಡ್ರಮ್ಮುಗಳೊಡನೆ ಹಾಡುತ್ತಾರೆ. ತಮ್ಮದು ಕರ್ನಾಟಕ ಸಂಗೀತದ ಪ್ರೊಗ್ರೆಸಿವ್ ರಾಕ್ ಎನ್ನುತ್ತಾರೆ. ಸಂಪ್ರದಾಯದವರು ಮೂಗು ಮುರಿದರೂ, ಅವರ ಕಚೇರಿಗೆ ನೆರೆಯುವ ತರುಣರು ಕೃತಿಗಳ ಸಾಹಿತ್ಯವನ್ನು ಬಾಯಿಪಾಠವಾಗಿ ಹಾಡುವುದನ್ನು ಕಂಡರೆ ಮುನಿಸು ಅರ್ಧ ಇಳಿದೀತು. ಅಲ್ಲಿ ಗಮಕದ ಭಾರವೆಲ್ಲ ಗಾಯಕನ ಮೇಲೆ. ಗಿಟಾರಿಗೆ ಆ ಸಲುಗೆ ಇನ್ನೂ ಪೂರ್ತಿ ಬಂದಂತಿಲ್ಲ.

ಇಷ್ಟೆಲ್ಲ ವಾದವನ್ನು ಮೊಮ್ಮಗನು ಹೇಳಲಿಲ್ಲ, ಹೇಳಲು ಅವನಿಗೆ ಬರುವಂತೆಯೂ ಇರಲಿಲ್ಲ. ಒಂದು ಸಂಜೆ ಧಕ್ಕೆಯಲ್ಲಿ ತಾರಿಗೆ ಕಾಯುತ್ತ ಕುಳಿತಾಗ ತನ್ನ ಮೊಬೈಲನ್ನು ಅಜ್ಜನ ಕಿವಿಯ ಬಳಿ ಹಿಡಿದನು. ಪಿಂಕ್ ಫ್ಲಾಯ್ಡ್‌ನವರ 1973ರ ‘ಮನಿ’ ಎಂಬ ಹಾಡು. ಮೊದಲಿಗೆ ನಾಣ್ಯಗಳ ಝಣತ್ಕಾರ.

“ಇದೆಂತ, ಮೀನಿನ ಹರಾಜೋ?” ಎಂದನು ಅಜ್ಜ.

ಅನಂತರ ತಂತಿಯ ನಡೆ ಆರಂಭವಾಯಿತು. ಸ್ವಲ್ಪ ಹೊತ್ತಿನಲ್ಲಿ ಅಜ್ಜನ ಬೆರಳುಗಳು ಮೊಣಕಾಲಿನ ಮೇಲೆ ಅಕ್ಷರ ಎಣಿಸತೊಡಗಿದವು. ಏಳು. ಮತ್ತೆ ಏಳು. “ತ್ರಿವುಡೆ ಅಲ್ಲವೋ ಇದು!” ಕೆರೆಮನೆಯವರ ಇಡಗುಂಜಿ ಮೇಳದ ಆಟಗಳನ್ನು ಎಳವೆಯಿಂದ ನೋಡಿದವನಿಗೆ ಏಳು ಅಕ್ಷರದ ತಾಳ ಕಲಿಸಬೇಕಾಗಿರಲಿಲ್ಲ. ಹಾಡು ಸಾಗಿತು, ಸ್ಯಾಕ್ಸೊಫೋನ್ ಬಂದು ಹೋಯಿತು, ಗಿಲ್ಮೋರನ ಗಿಟಾರು ಎದ್ದಿತು. ಅಲ್ಲಿ ನಡೆ ನಾಲ್ಕಕ್ಕೆ ತಿರುಗುತ್ತದೆ. ಅಜ್ಜನ ಬೆರಳು ತಪ್ಪಿ ನಿಂತಿತು.

“ತಾಳ ಎಲ್ಲಿ ಬಿಟ್ಟ ಇವ?”

“ಬಿಟ್ಟಿಲ್ಲ, ತಡೆ ಅಜ್ಜಾ. ಬರುತ್ತದೆ.”

ಅಘನಾಶಿನಿಯ ಕಡೆಯಿಂದ ತಾರಿ ಬಂದು ದಡಕ್ಕೆ ತಾಗಿತು. ಜನರು ಬುಟ್ಟಿ, ಚೀಲಗಳೊಡನೆ ಇಳಿದರು, ಇತ್ತಣವರು ಹತ್ತಿದರು. ಗಿಟಾರು ಮುಗಿದು ತ್ರಿವುಡೆ ಮರಳುವ ತನಕ ಅವರಿಬ್ಬರೂ ಕುಳಿತಲ್ಲಿಂದ ಏಳಲಿಲ್ಲ.